ಗಾಜಿನೊಳಗಿನ ಬುಗುರಿ



ಕಳೆದ ಕಾರ್ತಿಕದಲ್ಲಿ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸಮೀಪ ಭಕ್ತರೊಬ್ಬರ ಹೊಸ ಮನೆಯ ಗುರುಪ್ರವೇಶಕ್ಕೆ ಹೋಗಿದ್ದೆವು. ಯಜಮಾನರು ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ಕಾಯಕದವರು. ಪಡಸಾಲೆಯ ಗಾಜಿನ ಬೀರುವಿನಲ್ಲಿ ಚನ್ನಪಟ್ಟಣದ ಆಟಿಕೆಗಳು ಸಾಲಾಗಿ ನಿಂತಿದ್ದವು. ಐದು ವರ್ಷದ ಮಗು ಬುಗುರಿಯೊಂದಕ್ಕೆ ಕೈಚಾಚಿತು. "ಮುಟ್ಟಬೇಡ ಕಂದ, ಬಣ್ಣ ಹೋದೀತು" ಎಂದರು ತಾಯಿ. ಮಗು ಮೂಲೆಗೆ ಸರಿದು ಮೊಬೈಲು ಹಿಡಿಯಿತು. ಆಟಿಕೆಗಳ ನಡುವೆಯೇ ಆ ಬೆರಳುಗಳು ಬಡವಾದವಲ್ಲ ಎಂದು ನಮಗೆ ಮರುಕವಾಯಿತು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 'ಮ್ಯೂಸೆ ಮೆಕಾನಿಕ್' ಎಂಬ ವಸ್ತುಸಂಗ್ರಹಾಲಯವಿದೆ. ಎಡ್ವರ್ಡ್ ಜೆಲಿನ್ಸ್ಕಿ ಎಂಬವರು ಬಾಲ್ಯದಿಂದಲೇ ಕೂಡಿಸಿದ 300ಕ್ಕೂ ಹೆಚ್ಚು ಹಳೆಯ ಆಟದ ಯಂತ್ರಗಳು ಅಲ್ಲಿವೆ. ಪ್ರವೇಶಶುಲ್ಕವಿಲ್ಲ, ನಾಣ್ಯ ಹಾಕಿದರೆ ಯಂತ್ರ ಆಡುತ್ತದೆ. 1972ರಲ್ಲಿ ಮುಚ್ಚಿಹೋದ 'ಪ್ಲೇಲ್ಯಾಂಡ್' ಎಂಬ ವಿನೋದವನದ ನಗುವ ಬೊಂಬೆಯೂ ಅಲ್ಲಿ ಇಂದಿಗೂ ನಗುತ್ತಿದೆ. 'ಪಾಂಗ್' ಎಂಬ ವಿಡಿಯೊ ಆಟ ಬಂದದ್ದೂ ಅದೇ 1972ರಲ್ಲಿ. ಅಲ್ಲಿ ಮುಟ್ಟುವುದು ಅಪರಾಧವಲ್ಲ, ಮುಟ್ಟದಿರುವುದೇ ನಷ್ಟ.

ಇದಕ್ಕೆ ವಿರುದ್ಧವಾದ ಕಥೆಯೂ ಉಂಟು. ಸ್ವಾಮಿ ವಿವೇಕಾನಂದರು ಮಾತನಾಡಿದ 1893ರ ಷಿಕಾಗೊ ಮಹಾಪ್ರದರ್ಶನದಲ್ಲಿಯೇ ಫೆರಿಸ್ ಎಂಬ ಎಂಜಿನಿಯರ್ 264 ಅಡಿ ಎತ್ತರದ ತಿರುಗುವ ತೊಟ್ಟಿಲನ್ನು ನಿಲ್ಲಿಸಿದರು. ನಮ್ಮ ಜಾತ್ರೆಗಳ ಇಂದಿನ ಕಬ್ಬಿಣದ ತೊಟ್ಟಿಲುಗಳಿಗೆ ಅದೇ ಹಿರಿಯಣ್ಣ. ಕಾಪಾಡುವವರಿಲ್ಲದೆ 1906ರಲ್ಲಿ ಅದನ್ನು ಸಿಡಿಮದ್ದಿನಿಂದ ಕೆಡವಲಾಯಿತು.

ಆಟದ ವಸ್ತು ಉಳಿಯುವುದು ಎಣ್ಣೆ ಹಾಕುವ, ಸವೆದ ಗಾಲಿ ಬದಲಿಸುವ ಕೈಗಳಿಂದ. ಅಂಥ ಕೈಗಳು ಹಾರೋಹಳ್ಳಿಯಲ್ಲಿ ಸಾವಿರಾರು ಇವೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ನಮ್ಮ ಹಳ್ಳಿಯ ಬದುಕನ್ನು ಕಾಪಾಡಿದೆ. ಜಾತ್ರೆಯ ಹಳೆಯ ತೊಟ್ಟಿಲು, ಬಯಾಸ್ಕೋಪಿನ ಪೆಟ್ಟಿಗೆ, ನಾಣ್ಯದ ಆಟದ ಯಂತ್ರಗಳಿಗೂ ಇಲ್ಲೊಂದು ಮನೆ ಏಕಾಗಬಾರದು? ಜಾತ್ರಾ ಸಮಿತಿಗಳವರು ಗುಜರಿಗೆ ಕೊಡುವ ಮುನ್ನ ಒಮ್ಮೆ ಯೋಚಿಸಲಿ.

ಅಂದು ಪ್ರಸಾದವಾದ ಮೇಲೆ ನಾವು ಯಜಮಾನರನ್ನು, "ನಿಜವಾಗಿಯೂ ಬಣ್ಣ ಹೋಗುವುದೇ?" ಎಂದು ಕೇಳಿದೆವು. ಅವರು ನಕ್ಕರು. "ಇಲ್ಲ ಗುರುಗಳೇ, ಇದೂ ಲೇತಿನ ಕೆಲಸವೇ. ಹಾಲೆಮರ ತಿರುಗುವಾಗ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೇದಗೆಯ ಎಲೆಯಿಂದ ಹೊಳಪು ಕೊಡುತ್ತಾರೆ" ಎಂದರು. ಹೇಳುತ್ತ ಹೇಳುತ್ತ ತಾವೇ ಬೀರು ತೆರೆದರು.

ಬುಗುರಿ ಮೂರು ಸಲ ಉರುಳಿತು. ನಾಲ್ಕನೆಯ ಸಲ ನಿಂತು ತಿರುಗಿತು. ಮಗು ಮೊಬೈಲನ್ನು ಎಲ್ಲಿಟ್ಟಿತೆಂದು ಯಾರೂ ಕೇಳಲಿಲ್ಲ. ತಂದೆಯ ಕಾಯಕವೇನೆಂಬುದು ಅದಕ್ಕೆ ಅಂದು ಮೊದಲ ಬಾರಿ ತಿಳಿಯಿತು. ನಿಮ್ಮ ಮನೆಯ ಬೀರುವಿನ ಬಾಗಿಲೂ ತೆರೆಯಲಿ.