ರಾತ್ರಿ ಬಸ್ಸಲ್ಲಿ ಹೋದ ಬೆನ್ನಿನ ನೀರು

ಅರೇಬಿಕಾ ಹಣ್ಣು ಕೊಯ್ದ ದಿನವೇ ಪಲ್ಪರ್‌ಗೆ ಹಾಕಬೇಕು, ರಾಶಿ ಬಿಟ್ಟರೆ ಬೆಳಗಾಗೋದ್ರೊಳಗೆ ಹುಳಿ ವಾಸನೆ ಹೊಡೆಯುತ್ತೆ. ಕಳಸದಿಂದ ಮೂಡಿಗೆರೆವರೆಗೆ ಯಾವ ತೋಟದ ರೈಟರ್‌ನ ಕೇಳಿದ್ರೂ ಇದನ್ನ ಹೇಳ್ತಾರೆ. ಹಣ್ಣಿಗಿಂತ ಬೇಗ ಕೆಡೋ ಇನ್ನೊಂದು ಇದೆ. ಮನುಷ್ಯರ ಬೆನ್ನಿನಿಂದ ತೆಗೆದ ನೀರು. ಅದನ್ನ ಮಾತ್ರ ನಾವು ರಾತ್ರಿ ಬಸ್ಸಿಗೆ ಹಾಕಿ ಮೂರು ದಿನ ಆರಾಮಾಗಿ ಕಾಯ್ತೀವಿ.

ನಮ್ಮ ದೊಡ್ಡಮ್ಮನಿಗೆ ಲಿಂಫೋಮಾ ಆಗಿತ್ತು. ಬಿಳಿ ರಕ್ತಕಣಗಳಲ್ಲಿ ಹುಟ್ಟೋ ಕ್ಯಾನ್ಸರ್. ಬೆಂಗಳೂರಲ್ಲಿ ಆರು ಕೀಮೋ ಮುಗಿಸಿ, ಗಂಟೆಲ್ಲ ಕರಗಿದೆ ಅನ್ನಿಸಿಕೊಂಡು ಕಳಸಕ್ಕೆ ವಾಪಸ್ ಬಂದಿದ್ರು. ಕೆಲವು ತಿಂಗಳಾದ ಮೇಲೆ ಒಂದಿನ, "ಗದ್ದ ಜೋಮು ಹಿಡಿದ ಹಾಗಿದೆ ಕಣೋ, ಅನ್ನ ಅಂಟಿದ್ರೂ ಗೊತ್ತಾಗಲ್ಲ" ಅಂದ್ರು. ನಾವು ಹಲ್ಲಿನ ಡಾಕ್ಟರ ಹತ್ರ ಕರ್ಕೊಂಡು ಹೋದ್ವಿ (ನಗಬೇಡಿ). ಆಮೇಲೆ ಎದುರಿಗಿದ್ದ ಒಬ್ಬರು ಇಬ್ಬರಾಗಿ ಕಾಣೋಕೆ ಶುರುವಾಯ್ತು. ಒಂದು ಆಸ್ಪತ್ರೆಯಲ್ಲಿ ಬೆನ್ನಿನ ನೀರು ತೆಗೆದು ದೂರದ ಲ್ಯಾಬಿಗೆ ಕಳಿಸಿದ್ರು. 'ಕ್ಯಾನ್ಸರ್ ಕಣಗಳು ಕಂಡುಬಂದಿಲ್ಲ' ಅಂತ ರಿಪೋರ್ಟ್ ಬಂತು. ಮನೇಲಿ ಪಾಯಸ ಮಾಡಿದ್ವಿ.

ಹದಿನೇಳು ದಿನ ಕಳೆದು ಬೆಂಗಳೂರಲ್ಲಿ ಮತ್ತೆ ತೆಗೆದಾಗ, ಅದೇ ಕಟ್ಟಡದ ಲ್ಯಾಬಲ್ಲಿ, ಕಣಗಳು ಸಿಕ್ಕವು.

ಮೊದಲಿನ ಲ್ಯಾಬಿನವರು ಸುಳ್ಳು ಬರೆದಿರಲಿಲ್ಲ. ಅವರಿಗೆ ನಿಜವಾಗಿ ಕಂಡಿರಲಿಕ್ಕಿಲ್ಲ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಬಿಳಿ ಕಣಗಳು 4,000ದಿಂದ 11,000 ಇರ್ತವೆ. ಅಷ್ಟೇ ಬೆನ್ನಿನ ನೀರಲ್ಲಿ, ಆರೋಗ್ಯವಂತರಿಗೆ, ಹೆಚ್ಚೆಂದರೆ 5. ಅಷ್ಟು ತೆಳು ನೀರಲ್ಲಿ ಒಂದೆರಡು ಕಳ್ಳ ಕಣ ಹುಡುಕಬೇಕು. ರಕ್ತದಲ್ಲಿ ಕಣಗಳಿಗೆ ಆಹಾರ ಇರುತ್ತೆ, ಈ ನೀರಲ್ಲಿ ಪ್ರೋಟೀನೇ ಕಮ್ಮಿ. ಹಾಗಾಗಿ ಹೊರಗೆ ತೆಗೆದ ಗಂಟೆಯೊಳಗೇ ಕಣಗಳು ಒಡೆಯೋಕೆ ಶುರುವಾಗ್ತವೆ. ಘಾಟಿ ಇಳಿದು ಲ್ಯಾಬ್ ಮುಟ್ಟೋ ಹೊತ್ತಿಗೆ ನೋಡೋಕೆ ಏನು ಉಳಿದಿರುತ್ತೆ?

ಹುಡುಕೋ ವಿಧಾನದಲ್ಲೂ ವ್ಯತ್ಯಾಸ ಇದೆ. ಹಳೇದು ಅಂದ್ರೆ ನೀರನ್ನ ಗಿರ್ರನೆ ತಿರುಗಿಸಿ, ಕಣಗಳನ್ನ ಗಾಜಿನ ಮೇಲೆ ಕೂರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡೋದು. ಇದೆ ಅಂದ್ರೆ ಸಾಮಾನ್ಯವಾಗಿ ಇದ್ದೇ ಇರುತ್ತೆ. ಇಲ್ಲ ಅಂದ್ರೆ ನಂಬೋ ಹಾಗಿಲ್ಲ, ಎಷ್ಟೋ ಸಲ ತಪ್ಪಿಸಿಕೊಳ್ಳುತ್ತೆ. ಹೊಸದು ಫ್ಲೋ ಸೈಟೋಮೆಟ್ರಿ. ಕಣಗಳ ಮೈಮೇಲಿನ ಗುರುತುಗಳಿಗೆ (ಸಿಡಿ19, ಸಿಡಿ20, ಸಿಡಿ3 ಅಂತೆಲ್ಲ ಹೆಸರು) ಅಂಟೋ, ಬೆಳಕಲ್ಲಿ ಹೊಳೆಯೋ ಪ್ರತಿಕಾಯ ಹಾಕಿ, ಒಂದೊಂದಾಗಿ ಲೇಸರ್ ಮುಂದೆ ಹಾಯಿಸ್ತಾರೆ. ಗಾಜಿನ ಮೇಲೆ ಮಾಮೂಲಿ ಲಿಂಫೋಸೈಟ್ ತರ ಕಾಣೋದೂ ಇಲ್ಲಿ ಸಿಕ್ಕಿಬೀಳುತ್ತೆ. ಹಳೇ ವಿಧಾನದಲ್ಲಿ ಸಿಗದ ಎಷ್ಟೋ ಕೇಸು ಇದರಲ್ಲಿ ಸಿಗ್ತವೆ. ಆದ್ರೆ ಒಡೆದುಹೋದ ಕಣವನ್ನ ಲೇಸರ್ ಕೂಡ ಎಣಿಸೋಕೆ ಆಗಲ್ಲ.

ಇಷ್ಟು ಹುಡುಕೋದು ಯಾಕೆ ಅಂದ್ರೆ, ಬಹಳಷ್ಟು ಕೀಮೋ ಔಷಧಿ ರಕ್ತದಿಂದ ಮಿದುಳಿನ ಕಡೆಗೆ ಸರಿಯಾಗಿ ದಾಟೋದೇ ಇಲ್ಲ. ರೋಗ ಅಲ್ಲಿ ಅಡಗಿ ಕೂತಿರುತ್ತೆ. 1960ರ ದಶಕದಲ್ಲಿ ರಕ್ತದಲ್ಲಿ ಲ್ಯುಕೇಮಿಯಾ ಹತೋಟಿಗೆ ಬಂದ ಮಕ್ಕಳಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಅದು ಮಿದುಳಿನ ಸುತ್ತ ಮರಳಿ ಬರ್ತಿತ್ತು. ಈಗ ಆ ಮಕ್ಕಳಿಗೆ ಮೊದಲಿಂದಲೇ ಮೆಥೋಟ್ರೆಕ್ಸೇಟನ್ನ ಬೆನ್ನಿನ ನೀರಿಗೇ ಕೊಡ್ತಾರೆ. ಎಷ್ಟು ಕೊಡಬೇಕು, ಎಷ್ಟು ಸಲ ಅನ್ನೋದನ್ನ ನಿರ್ಧರಿಸೋದ್ರಲ್ಲಿ ಈ ನೀರಿನ ರಿಪೋರ್ಟಿಗೆ ದೊಡ್ಡ ಪಾತ್ರ ಇದೆ.

ನಮ್ಮ ಕಡೆ ಈ ಮಾತು ಬಂದಾಗಲೆಲ್ಲ, ಚಿಕ್ಕಮಗಳೂರಿಗೆ ಮೆಡಿಕಲ್ ಕಾಲೇಜು ಬಂತಲ್ಲ, ಆ ಮೆಷಿನ್ನೂ ತರಿಸಲಿ ಅಂತಾರೆ. ನಂಗೆ ಒಪ್ಪಿಗೆ ಇಲ್ಲ. ಫ್ಲೋ ಮೆಷಿನ್ ಅಂದ್ರೆ ಪಲ್ಪರ್ ಅಲ್ಲ, ಹಣ್ಣು ಸುರಿದ್ರೆ ಬೀಜ ಬರೋಕೆ. ದುಬಾರಿ ಪ್ರತಿಕಾಯಗಳು ಬೇಕು, ಅವಕ್ಕೂ ಅವಧಿ ಇರುತ್ತೆ. ಪರದೆ ಮೇಲಿನ ಚುಕ್ಕಿಗಳನ್ನ ಓದೋಕೆ ದಿನಾ ನೋಡಿ ಪಳಗಿದ ಕಣ್ಣು ಬೇಕು. ನಮ್ಮ ಜಿಲ್ಲೆಯಲ್ಲಿ ಅಂಥ ಸ್ಯಾಂಪಲ್ ಎಷ್ಟು ಬಂದಾವು? ಪ್ಲಾಸ್ಟಿಕ್ ಹೊದಿಕೆ ಹಾಕಿ ಪಕ್ಕಕ್ಕಿಡ್ತಾರೆ ಅಷ್ಟೆ.

ನಾನು ಕೇಳೋದು ಸಣ್ಣದು. ಕಣ ಒಡೆಯದ ಹಾಗೆ ಹಿಡಿದಿಡೋ ದ್ರವ ಮೊದಲೇ ತುಂಬಿದ ಟ್ಯೂಬ್‌ಗಳಿವೆ, ಟ್ರಾನ್ಸ್‌ಫಿಕ್ಸ್ ಅಂತ ಒಂದು. ಅದರಲ್ಲಿ ಹಾಕಿದ್ರೆ ಫ್ಲೋ ಪರೀಕ್ಷೆಗೆ ಕೆಲವು ದಿನ ತಡೆಯುತ್ತೆ. ಪ್ರೋಟೀನು, ಸಕ್ಕರೆ, ಗಾಜಿನ ಪರೀಕ್ಷೆಗೆ ಬೇರೆ ಟ್ಯೂಬ್ ಬೇಕೇ ಬೇಕು. ಬೆನ್ನಿನ ನೀರು ತೆಗೆಯೋ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ನಾಲ್ಕು ಟ್ಯೂಬ್ ಇರಲಿ, ಎಲ್ಲಿಗೆ ಯಾವ ಬಸ್ಸಲ್ಲಿ ಕಳಿಸೋದು ಅನ್ನೋದು ಮೊದಲೇ ಗೊತ್ತಿರಲಿ. ಅದಾಗೋವರೆಗೆ, ಕ್ಯಾನ್ಸರಿನ ಅನುಮಾನಕ್ಕೇ ನೀರು ತೆಗೆಯೋದಾದ್ರೆ, ರೋಗಿ ಪ್ರಯಾಣ ಮಾಡೋ ಸ್ಥಿತಿಯಲ್ಲಿದ್ರೆ, ಸೀಸೆ ಕಳಿಸೋ ಬದಲು ರೋಗಿಯನ್ನೇ ಲ್ಯಾಬ್ ಇರೋ ಊರಿಗೆ ಕಳಿಸಲಿ. ಕಷ್ಟ ನಂಗೂ ಗೊತ್ತು. ಕಳಸದಿಂದ ಬೆಂಗಳೂರಿಗೆ 300 ಕಿಲೋಮೀಟರಿಗೂ ಹೆಚ್ಚು, ಅದೂ ಮಳೆಗಾಲದಲ್ಲಿ, ವಾಂತಿ ಮಾಡ್ಕೊಳ್ತಿರೋರನ್ನ ಕೂರಿಸ್ಕೊಂಡು. ಆದ್ರೆ ನಾವು ಆ ದಾರಿಯನ್ನ ಹೇಗಿದ್ರೂ ಹೋದ್ವಲ್ಲ, ಹದಿನೇಳು ದಿನ ತಡವಾಗಿ.

ದೊಡ್ಡಮ್ಮ ಆಮೇಲೆ ಎಂಟು ತಿಂಗಳು ಇದ್ರು. ಆ ಮೊದಲನೇ ರಿಪೋರ್ಟ್ ಇನ್ನೂ ಮನೇಲಿದೆ. ಅದರಲ್ಲಿ ಲ್ಯಾಬಿಗೆ ತಲುಪಿದ ತಾರೀಕಿದೆ, ರಿಪೋರ್ಟ್ ಕೊಟ್ಟ ತಾರೀಕಿದೆ. ನೀರು ತೆಗೆದದ್ದು ಎಷ್ಟು ಗಂಟೆಗೆ ಅನ್ನೋ ಜಾಗ ಖಾಲಿ. ನಿಮ್ಮನೇಲಿ ಯಾರಿಗಾದ್ರೂ ಈ ಪರೀಕ್ಷೆ ಬರೆದುಕೊಟ್ರೆ ಅದನ್ನೊಂದು ಕೇಳಿ ಬರೆಸಿ, ಫ್ಲೋ ಮಾಡ್ತೀರಾ ಅಂತಲೂ ಕೇಳಿ.