ಮಗು ಏನು ಕಲಿಯಿತು? ಹೆತ್ತವರಿಗೂ ತಿಳಿಯಲಿ

ಉದ್ಯಾವರ: ಒಂದನೇ, ಎರಡನೇ ತರಗತಿಯ ಮಕ್ಕಳ ಹೆತ್ತವರಿಗೆ ಶಾಲೆಯಿಂದ ಬರುವ ಸೂಚನೆಗಳು ಹೆಚ್ಚಾಗಿ ಶುಲ್ಕ, ರಜೆ, ವಾರ್ಷಿಕೋತ್ಸವಕ್ಕೆ ಸಂಬಂಧಿಸಿದವು. ಮಗು ಕಾಗುಣಿತ ಓದುತ್ತದೆಯೇ, ದಶಕ ಕೂಡಿಸುತ್ತದೆಯೇ ಎಂಬುದು ಅಂಕಪಟ್ಟಿ ನೋಡಿದರೂ ತಿಳಿಯದು.

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರು ನಿಯಮಿತವಾಗಿ ಹೆತ್ತವರ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ ಹಾಗೂ ಪ್ರಗತಿಯನ್ನು ತಿಳಿಸಬೇಕು. ಆದರೆ 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದಿತು. 2025ರಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿದೆ. ಅಂತಿಮ ತೀರ್ಮಾನ ಏನೇ ಬರಲಿ, ಹೆತ್ತವರಿಗೆ ಉತ್ತರಿಸುವ ಹೊಣೆ ನಮ್ಮ ಶಾಲೆಗಳ ಮೇಲೂ ಇದೆ.

ಈ ವಿಷಯದಲ್ಲಿ ಸರಕಾರಿ ಶಾಲೆಗಳ ನಲಿ-ಕಲಿಯಿಂದ ಕಲಿಯುವುದಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಗು ಕಾರ್ಡುಗಳ ಮೂಲಕ ಕಲಿಕಾ ಏಣಿಯ ಮೆಟ್ಟಿಲು ಹತ್ತುತ್ತದೆ. ಯಾವ ಮೆಟ್ಟಿಲಲ್ಲಿದೆ ಎಂಬುದನ್ನು 'ಪ್ರಗತಿ ನೋಟ' ತೋರಿಸುತ್ತದೆ. ಅಂಕಕ್ಕಿಂತ ಇದು ಹೆತ್ತವರಿಗೆ ಬೇಗ ಅರ್ಥವಾಗುತ್ತದೆ.

ನಮ್ಮಲ್ಲಿ ಭಾಷೆಯ ತೊಡಕೂ ಇದೆ. ಮನೆಯಲ್ಲಿ ಕೊಂಕಣಿ ಅಥವಾ ತುಳು, ಡೈರಿಯಲ್ಲಿ ಇಂಗ್ಲಿಷ್. ತಂದೆ ಗಲ್ಫ್‌ನಲ್ಲಿದ್ದರೆ ತಾಯಿ ಅಥವಾ ಅಜ್ಜಿಯೇ ಸಹಿ ಹಾಕಬೇಕು. ಅರ್ಥವಾಗದಿದ್ದರೂ ಟೀಚರರಲ್ಲಿ ಕೇಳಲು ಸಂಕೋಚ. ಕೊನೆಗೆ ನಾಲ್ಕನೇ ತರಗತಿಯಲ್ಲಿ ಮಗು ಹಿಂದುಳಿದಾಗ ಟ್ಯೂಷನ್ ಹುಡುಕುವುದೇ ಉಳಿಯುತ್ತದೆ.

ತಿಂಗಳಿಗೊಮ್ಮೆ ಕನ್ನಡದಲ್ಲಿ ಅರ್ಧ ಪುಟ ಸಾಕು: ಏನು ಕಲಿಸಲಾಯಿತು, ಮಗುವಿಗೆ ಏನು ಬರುತ್ತದೆ, ಮನೆಯಲ್ಲಿ ಏನು ಮಾಡಬಹುದು. ಆದಿತ್ಯವಾರದ ಬಲಿಪೂಜೆಯ ಬಳಿಕ ಟೀಚರರು ಅರ್ಧ ಗಂಟೆ ಮಾತಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಸಂಕೋಚಪಡುವ ಮನೆಯವರನ್ನು ವಾರ್ಡಿನ ಗುರಿಕಾರರು ಜೊತೆಗೆ ಕರೆತರಲಿ.