ಬ್ಲೇಡಿನ ಸುದ್ದಿ ಮೊದಲೇ ಹೇಳಿ

ದೊಡ್ಡ ಪೆಟ್ಟಿಗೆ ಚೆಕ್-ಇನ್ ಕೌಂಟರಿನಿಂದ ಸಾಗಿಹೋಗಿದೆ. ಸೊಂಟದ ಬೆಲ್ಟು, ಗಡಿಯಾರ, ಮೊಬೈಲು ಟ್ರೇಯಲ್ಲಿವೆ. ಆಗ ‘ಬ್ಯಾಗಲ್ಲಿ ಬ್ಲೇಡಿದೆ, ತೆಗೀರಿ’ ಎಂದರೆ ಪ್ರಯಾಣಿಕನಿಗೆ ಉಳಿಯುವುದು ಕಸದ ಡಬ್ಬಿಯೊಂದೇ. ಶೇವಿಂಗ್ ಸೆಟ್ಟಿನ ನಿಯಮದ ಮೇಲೆ ನಮ್ಮ ತಕರಾರಿಲ್ಲ, ಅದನ್ನು ತಿಳಿಸುವ ಹೊತ್ತಿನ ಮೇಲಿದೆ.

ನಿಯಮ ಸರಳ. ಎರಡಲಗಿನ ಬಿಡಿ ಬ್ಲೇಡು, ಕ್ಷೌರದ ಕತ್ತಿ ಕೈಚೀಲದಲ್ಲಿ ಕೂಡದು, ಚೆಕ್-ಇನ್ ಲಗೇಜಿನಲ್ಲಿ ಇಡಬಹುದು. ಬಳಸಿ ಎಸೆಯುವ ಪ್ಲಾಸ್ಟಿಕ್ ರೇಜರ್, ಕಾರ್ಟ್ರಿಜ್ ರೇಜರ್, ಟ್ರಿಮ್ಮರ್ ಕೈಚೀಲದಲ್ಲೇ ಬರಬಹುದು. ಕಾರ್ಟ್ರಿಜ್‌ನ ಅಲಗು ಪ್ಲಾಸ್ಟಿಕ್ಕಿನೊಳಗೆ ಹೂತಿರುತ್ತದೆ, ಒಂದೆಳೆಯಷ್ಟೇ ಹೊರಗೆ. ಬಿಡಿ ಬ್ಲೇಡಾದರೋ ಬೆರಳ ಸಂದಿಯಲ್ಲಿ ಅಡಗುತ್ತದೆ. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ವಿಮಾನಗಳನ್ನು ಅಪಹರಿಸಿದವರ ಕೈಯಲ್ಲಿ ಇದ್ದದ್ದು ಸಣ್ಣ ಚಾಕುಗಳು. ಆದ್ದರಿಂದ ಈ ಎಚ್ಚರ ಅತಿಯಾಯಿತು ಎನ್ನಲು ಬಾಯಿ ಬರುವುದಿಲ್ಲ.

ಆದರೆ ಸಿಕ್ಕಿಬೀಳುವವರು ಯಾರು ನೋಡಿ. ಬಿಡಿ ಬ್ಲೇಡು ಅಗ್ಗ, ಪ್ಲಾಸ್ಟಿಕ್ ಕಸವೂ ಇಲ್ಲ. ಸ್ಟೀಲಿನ ರೇಜರ್ ಒಮ್ಮೆ ಕೊಂಡರೆ ಮಗನ ಕಾಲಕ್ಕೂ ಬರುತ್ತದೆ. ಇನ್ನೊಂದು ಕಡೆ, ಚೆಕ್-ಇನ್ ಲಗೇಜಿಲ್ಲದೆ ಹೋಗುವವರಿಗೆ ದರ ಇಳಿಸಲು 2021ರ ಫೆಬ್ರುವರಿಯಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ವಿಮಾನ ಕಂಪನಿಗಳಿಗೆ ಅನುಮತಿ ಕೊಟ್ಟಿತು. ಅಲ್ಲಿಗೆ, ಅಗ್ಗದ ಟಿಕೆಟ್ಟನ್ನೂ ಅಗ್ಗದ ರೇಜರನ್ನೂ ಆರಿಸಿಕೊಂಡವನಿಗೆ ಬ್ಲೇಡು ಇಡಲು ಜಾಗವೇ ಇಲ್ಲ. ದುಬಾರಿ ಕಾರ್ಟ್ರಿಜ್‌ನವನು ಶಿಳ್ಳೆ ಹಾಕುತ್ತ ದಾಟುತ್ತಾನೆ. ಕಲಬುರಗಿಗೆ 2019ರಲ್ಲಿ, ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ಬಂದಿದೆ. ರಾತ್ರಿ ಬಸ್ಸಿಗೆ ಚೀಲ ಕಟ್ಟಿದಂತೆಯೇ ವಿಮಾನಕ್ಕೂ ಕಟ್ಟುವವರು ಈಗ ಹೆಚ್ಚು. ಅದು ಅವರ ತಪ್ಪೇನಲ್ಲ.

ವೆಬ್ ಚೆಕ್-ಇನ್ ಮಾಡುವಾಗ ನಿಷಿದ್ಧ ವಸ್ತುಗಳ ಚಿತ್ರಗಳು ಬರುತ್ತವೆ, ನಿಜ. ಒಪ್ಪಿದೆ ಎಂದು ಒತ್ತದೆ ಪುಟ ಮುಂದೆ ಸರಿಯದು, ಹಾಗಾಗಿ ಎಲ್ಲರೂ ಒತ್ತುತ್ತಾರೆ. ಸೀಟು ಮಾರಲು, ಊಟ ಮಾರಲು ಸಾಲುಸಾಲು ಸಂದೇಶ ಕಳಿಸುವ ಕಂಪನಿಗಳಿಗೆ ಟಿಕೆಟ್ ಕೊಟ್ಟ ದಿನವೇ ಕನ್ನಡದಲ್ಲಿ ಒಂದು ಸಾಲು ಕಳಿಸುವುದು ಕಷ್ಟವೇ? ‘ಬಿಡಿ ಬ್ಲೇಡು ಕೈಚೀಲದಲ್ಲಿ ಬೇಡ.’ ಇಷ್ಟು ಸಾಕು. ಇದೇ ಮಾತಿನ ಫಲಕ ಲಗೇಜ್ ಒಪ್ಪಿಸುವ ಕೌಂಟರಿಗೆ ಮುಂಚೆ ನಿಲ್ಲಲಿ. ತಪಾಸಣೆಯ ಸಿಐಎಸ್ಎಫ್ ಸಿಬ್ಬಂದಿಯೊಡನೆ ಜಗಳಕ್ಕೆ ನಿಲ್ಲುವುದರಲ್ಲಿ ಅರ್ಥವಿಲ್ಲ. ನಿಯಮ ಬರೆದವರು ಅವರಲ್ಲ, ಆದರೆ ಆ ಕ್ಷಣದ ಕೊನೆಯ ಮಾತು ಅವರದೇ.

ಶೇವಿಂಗ್ ಕ್ರೀಮಿನ ಕಥೆ ಬೇರೆ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಅಂತರರಾಷ್ಟ್ರೀಯ ಪ್ರಯಾಣದಲ್ಲಿ 100 ಮಿಲಿ ಲೀಟರಿನ ಮಿತಿ ಬಂತು. ಅದು ಟ್ಯೂಬಿನ ಅಳತೆಗೆ, ಒಳಗೆ ಉಳಿದಿರುವ ಕ್ರೀಮಿಗಲ್ಲ. ಮುಕ್ಕಾಲು ಹಿಂಡಿದ ದೊಡ್ಡ ಟ್ಯೂಬೂ ಆಚೆಗೇ. ಗಟ್ಟಿ ಶೇವಿಂಗ್ ಸೋಪಿಗೆ ಈ ಕಾಟವಿಲ್ಲ. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಸಲೂನ್ ಕೆಲಸಕ್ಕೆಂದು ಹೊರಟವರು ಕತ್ತಿಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿಡುವಾಗ ಅಲಗಿಗೆ ದಪ್ಪ ಬಟ್ಟೆ ಸುತ್ತಲಿ. ಪೆಟ್ಟಿಗೆ ತೆರೆದು ನೋಡುವವರ ಬೆರಳು ಕೊಯ್ಯಬಾರದು.

ಕಂಪನಿಗಳು ಆ ಒಂದು ಸಾಲು ಕಳಿಸುವ ತನಕ, ಕೈಚೀಲವೊಂದನ್ನೇ ಹಿಡಿದು ಹೊರಟವರು ಬ್ಲೇಡು ಮನೆಯಲ್ಲೇ ಬಿಡುವುದು ಲೇಸು. ಇಳಿದ ಊರಿನ ಯಾವ ಪೆಟ್ಟಿಗೆ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.